ಇಲಿಗಳಿಗೆ ‘ರೀ’ ಎನ್ನುತ್ತಿದ್ದ ಮಾವ

ನಮ್ಮ ಸೋದರಮಾವ ಹೆಂಡತಿಗಿಂತ ಇಲಿಗಳಿಗೆ ಹೆಚ್ಚು ಮರ್ಯಾದೆ ಕೊಡುತ್ತಿದ್ದ. ಇದು ನನ್ನ ಮಾತಲ್ಲ, ಅತ್ತೆಯ ದೂರು. ಜಮಖಂಡಿಯಲ್ಲಿ ಫಾರ್ಮಸಿ ಹುಡುಗರಿಗೆ ಪಾಠ ಹೇಳುತ್ತಿದ್ದ ಆತ, ಪ್ರಯೋಗಶಾಲೆಯ ಬಿಳಿ ಇಲಿಗಳಿಗೆ ‘ಬರ್ರಿ, ತೂಕಕ್ಕ ಕುಂದರ್ರಿ’ ಎನ್ನುತ್ತಿದ್ದ. ಹೆಂಡತಿಗೆ ಮಾತ್ರ ‘ಲೇ, ಚಾ ತಾ.’

ಈ ಹುಚ್ಚು ಹತ್ತಿಸಿದವಳು ನಮ್ಮವ್ವ. ನನಗೆ ಚಿಕ್ಕಂದಿನಿಂದ ಫಿಟ್ಸ್, ದಿನಾ ಎರಡು ಹೊತ್ತು ಗುಳಿಗೆ. ಅದು ಸಾಲದೆಂದು ಅವ್ವ ಬನಹಟ್ಟಿಯ ಮನೆಯ ಹಿತ್ತಲಲ್ಲಿ ಬ್ರಾಹ್ಮಿ ಬೆಳೆಸಿ ಅದರ ರಸ ಕುಡಿಸತೊಡಗಿದಳು. ಫಿಟ್ಸ್ ಕಡಿಮೆಯಾಯಿತು, ಆದರೆ ನಾನು ನಡೆಯುವಾಗ ಓಲಾಡತೊಡಗಿದೆ.

‘ಗುಳಿಗಿ ಹೀಟ, ಬ್ರಾಹ್ಮಿ ತಂಪು. ಕೂಡಿದ್ರ ಸಮಾ ಆಗತೈತಿ,’ ಎಂದಳು ಅವ್ವ.

‘ಖರೇನೋ ಸುಳ್ಳೋ ನೋಡಿ ಹೇಳತೇನಿ. ಅಲ್ಲೀಮಟ ರಸಾ ಬಂದ್ ಮಾಡು,’ ಎಂದ ಮಾವ.

ಅವ್ವ ಹೂಂ ಎಂದಳು. ಬಂದ್ ಮಾಡಲಿಲ್ಲ.

ಬೇರೆಯವರಾಗಿದ್ದರೆ ಮರೆತುಬಿಡುತ್ತಿದ್ದರು. ಮಾವ ಕಾಲೇಜಿನ ಅನುಮತಿ ಪಡೆದು, ಫಿಟ್ಸ್ ಬರುವಂತೆ ಮಾಡಿದ ಇಲಿಗಳಲ್ಲಿ ಕೆಲವಕ್ಕೆ ಬರೀ ಗುಳಿಗೆಯ ಮದ್ದು, ಕೆಲವಕ್ಕೆ ಬರೀ ಬ್ರಾಹ್ಮಿ, ಉಳಿದವಕ್ಕೆ ಎರಡನ್ನೂ ಕೊಡತೊಡಗಿದ. ಅದೇ ಹೊತ್ತಿಗೆ ಮುಧೋಳದಲ್ಲಿ ಅತ್ತೆಯ ತಂಗಿಯ ಮದುವೆ. ಅಕ್ಷತೆಯ ಅಕ್ಕಿಕಾಳು ಹಿಡಿದು ನಿಂತಿದ್ದ ಮಾವ ಗಡಿಯಾರ ನೋಡಿದ, ಕಾಳನ್ನು ನನ್ನ ಕೈಗೆ ಸುರಿದು ಜಮಖಂಡಿ ಬಸ್ ಹತ್ತಿದ. ಇಲಿಗಳ ಡೋಸ್ ತಪ್ಪಬಾರದಲ್ಲ?

‘ಇಲಿ ಮದುವಿ ಇದ್ರ ಹಿಂದಿನ ದಿನಾನ ಹೋಗತಾರ್ರೀ,’ ಎಂದು ಅತ್ತೆ ಬೀಗರಿಗೆ ಸಮಜಾಯಿಷಿ ಕೊಟ್ಟಳು.

ಕೆಲವು ತಿಂಗಳ ನಂತರ ಮಾವ ಬನಹಟ್ಟಿಗೆ ಬಂದ. ನಮ್ಮ ಮನೆಯ ಸೀರೆ ನೇಯುವ ಮಗ್ಗಗಳ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು: ‘ಎರಡೂ ಕೊಟ್ಟ ಇಲಿಗೋಳಿಗೆ ಫಿಟ್ಸ್ ಕಮ್ಮಿ ಆಗ್ಯಾವ. ಆದ್ರ ರಕ್ತದಾಗ ಗುಳಿಗಿ ಅಂಶ ಏರೇತಿ, ಓಲಾಡಾಕತ್ತಾವ.’

‘ಫಿಟ್ಸ್ ಕಮ್ಮಿ ಆದೂವಲ್ಲ. ಹಂಗಾದ್ರ ಗುಳಿಗಿ ಬಿಡಸೂಣು,’ ಎಂದಳು ಅವ್ವ.

‘ಅಕ್ಕಾ, ಗುಳಿಗಿ ಒಮ್ಮೆಲೆ ಬಿಡಸಿದ್ರ ಜೀವಕ್ಕ ಬರತೈತಿ. ಇಲಿಗಿ ಆದದ್ದು ಈಕಿಗೂ ಆಗತೈತಿ ಅಂತ ನಾ ಹೇಳಾಂಗಿಲ್ಲ, ಈಕಿ ರಕ್ತಾನ ನೋಡಬೇಕು. ರಸಾ ಇನ್ನೂ ಕುಡಸಾಕತ್ತೀಯೇನು?’

ಅವ್ವ ಮಗ್ಗದ ಕಡೆ ತಿರುಗಿ ನೂಲು ನೋಡತೊಡಗಿದಳು.

ಮರುದಿನವೇ ಮಾವ ನನ್ನನ್ನು ಜಮಖಂಡಿಯ ಡಾಕ್ಟರರ ಬಳಿ ಕರೆದೊಯ್ದ. ರಕ್ತದಲ್ಲಿ ಗುಳಿಗೆಯ ಅಂಶ ಮಿತಿ ಮೀರಿತ್ತು. ರಸ ಅಂದೇ ನಿಂತಿತು, ಗುಳಿಗೆಯ ಅಳತೆಯನ್ನು ಡಾಕ್ಟರರು ಹೊಂದಿಸಿದರು. ಕೆಲವು ವಾರಗಳಲ್ಲಿ ನಾನು ನೆಟ್ಟಗೆ ನಡೆದೆ.

ಅಂದು ಡಾಕ್ಟರರ ಬಳಿಯಿಂದ ಮರಳುವ ಬಸ್ಸಿನಲ್ಲಿ ಮಾವ, ನನ್ನ ಮುಂದಿನ ಸೀಟಿನ ಕಬ್ಬಿಣದ ಸರಳಿನ ಮೇಲೆ ಅಂಗೈ ಚಾಚಿಟ್ಟೇ ಕುಳಿತಿದ್ದ. ಟಿಕೆಟ್ ತೆಗೆಸಿದ್ದೂ ಇನ್ನೊಂದು ಕೈಯಿಂದಲೇ.

‘ಯಾಕ ಮಾವಾ, ಕೈ ನೋಯಂಗಿಲ್ಲೇನು?’

‘ರಸ್ತಾ ಚಲೋ ಇಲ್ಲವ್ವಾ,’ ಎಂದ.

ಆ ರಸ್ತೆಗೆ ಹೊಸ ಡಾಂಬರು ಬಿದ್ದು ವಾರವಾಗಿರಲಿಲ್ಲ. ನನಗೆ ಫಿಟ್ಸ್ ಬಂದು ತಲೆ ಬಾಗಿದರೆ ಸರಳು ಬಡಿಯದಿರಲೆಂದು, ಬನಹಟ್ಟಿ ಬರುವವರೆಗೂ ಆತ ಆ ಕೈ ತೆಗೆಯಲಿಲ್ಲ.