ಒಗ್ಗರಣೆಯ ಕಿಂಡಿ

ಅಡುಗೆಮನೆಯ ಗೋಡೆಯಲ್ಲಿದ್ದ ಆ ಕಿಂಡಿಯಲ್ಲಿ ಬೋಳು ತೆಂಗಿನಕಾಯಿ ತೂರುತ್ತಿತ್ತು, ಜುಟ್ಟಿದ್ದರೆ ಸಿಕ್ಕಿಕೊಳ್ಳುತ್ತಿತ್ತು.

ಎಲ್ಲರೂ ಬದುಕುವುದಕ್ಕೆ ಮನೆ ಕಟ್ಟಿಸುತ್ತಾರೆ. ಕೊಟ್ಟೂರಿನ ನನ್ನ ಸೋದರತ್ತೆ ಮಾತ್ರ, ತಾನು ಸತ್ತರೆ ಬೇಗ ಗೊತ್ತಾಗಲಿ ಎಂದು ಕಟ್ಟಿಸಿದಳು! ಮದುವೆಯಾಗದೆ, ಮಕ್ಕಳಿಗೆ ಮಗ್ಗಿ ಕಲಿಸಿ ನಿವೃತ್ತಳಾದ ಅವಳಿಗೆ ಕಳ್ಳರ ಭಯವಿರಲಿಲ್ಲ, ದೆವ್ವಗಳಿಗಂತೂ ಅವಳದೇ ಭಯ. ಅವಳನ್ನು ಕಾಡುತ್ತಿದ್ದದ್ದು ಒಂದೇ: ಒಬ್ಬಳೇ ಬಿದ್ದು, ಯಾರಿಗೂ ತಿಳಿಯದೆ ಉಳಿದುಬಿಡುವುದು. ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದೆ. ಆ ತಪ್ಪಿಗೆ ನಕ್ಷೆ ನನ್ನ ಪಾಲಿಗೆ ಬಂತು.

ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕೆಂದಳು. ಬಡಗಿ ತಲೆ ಕೆರೆದುಕೊಂಡ.

"ಹಂಗ ಯಾರೂ ಮಾಡಂಗಿಲ್ರಿ ಅಕ್ಕಾರ."

"ನಾ ಒಳಗ ಜಾರಿ ಬಾಗ್ಲಿಗೇ ಅಡ್ಡ ಬಿದ್ದರ? ಒಳಗ ದಬ್ಬಿ ದಬ್ಬಿ ನನ್ನ ಇನ್ನೊಮ್ಮಿ ಕೊಲ್ತಿಯೇನು?"

ಬಡಗಿ ಕೀಲು ತಿರುಗಿಸಿ ಜಡಿದ.

ಮಂಚ ಬೀದಿ ಕಿಟಕಿಗೆ ತಾಗಿಯೇ ಇರಬೇಕಿತ್ತು. ಕರೆದರೆ ಏಳದಿದ್ದಾಗ ಸರಳಿನ ಸಂದಿಯಿಂದ ಕೋಲಿನಲ್ಲಿ ತಿವಿಯಬೇಕೆಂದು ಹಾಲಿನವನಿಗೆ ಅಪ್ಪಣೆಯಾಗಿತ್ತು. ಒಮ್ಮೆ ಆ ಮಂಚದಲ್ಲಿ ನಾನು ಮಲಗಿದ್ದೆ. ಅಂಗಾಲಿಗೆ ಕೋಲು ಚುಚ್ಚಿತು. "ಬದುಕೀರೇನ್ರಿ?" ಇಂಥ ಸುಪ್ರಭಾತ ಯಾರಿಗುಂಟು!

ಆದರೆ ಕಿಂಡಿಯೇ ಎಲ್ಲಕ್ಕಿಂತ ಮುಖ್ಯ. ಅದಿದ್ದ ನಡುಗೋಡೆಯ ಆಚೆ ಪಕ್ಕದ ಮನೆಯ ಗೌರಮ್ಮ, ಅತ್ತೆಯ ಹಾಗೆಯೇ ಒಂಟಿ. ಅತ್ತೆ ದಿನಾ ಬೆಳಿಗ್ಗೆ ಮಂಡಕ್ಕಿಗೆ ಒಗ್ಗರಣೆ ಹಾಕುವಳು. ಮೆಣಸಿನಕಾಯಿಯ ಘಾಟು ಕಿಂಡಿ ದಾಟುವುದು. ಆಚೆ ಭರ್ಜರಿ ಸೀನು, ಹಿಂದೆಯೇ ಬೈಗುಳ:

"ಲೇ, ಮೆಣಸಿನಕಾಯಿ ನಿಮ್ಮಪ್ಪ ಬೆಳಿತಾನೇನು?"

"ಹಾಂ, ಅದಾಳ!" ಎಂದು ಅತ್ತೆ ಒಲೆ ಆರಿಸುವಳು.

ನಾನು ನಕ್ಕರೆ ನನ್ನ ಕಡೆ ತಿರುಗುವಳು. "ನಿನ್ನ ಕಿಂಡಿ ಎಲ್ಲೈತಿ?" ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಸಿಕ್ಕು ಬಾಡಿಗೆ ರೂಮಿನಲ್ಲಿದ್ದೆ. ಅಕ್ಕಪಕ್ಕದವರಿಗೆ ನನ್ನ ಹೆಸರೂ ತಿಳಿದಿರಲಿಲ್ಲ. ಅದೇ ನನಗೆ ಹಿತವಾಗಿತ್ತು.

ಒಂದು ಭಾನುವಾರ ನಾನು ಅತ್ತೆಯ ಮನೆಗೆ ಬಂದಿದ್ದಾಗ ಒಗ್ಗರಣೆ ಚಟಪಟಿಸಿತು. ಸೀನು ಬರಲಿಲ್ಲ.

ಅತ್ತೆ ಇನ್ನೆರಡು ಮೆಣಸಿನಕಾಯಿ ಹಾಕಿದಳು. ನಮ್ಮಿಬ್ಬರ ಕಣ್ಣಲ್ಲೂ ನೀರು. ಆಚೆ ಮಾತ್ರ ಸದ್ದಿಲ್ಲ. ಅವಳು ಸೌಟು ಕೆಳಗಿಟ್ಟು ಕಿಂಡಿಗೆ ಕಿವಿಯಿಟ್ಟಳು. ಇಷ್ಟು ವರ್ಷ ತನ್ನ ಸಾವಿಗೆ ಹೆದರಿದವಳ ಮುಖ ಅಂದಿನಷ್ಟು ಬಿಳಿಚಿಕೊಂಡದ್ದನ್ನು ನಾನೆಂದೂ ನೋಡಿರಲಿಲ್ಲ.

ಹಿತ್ತಲ ಬಾಗಿಲಿನಿಂದ ನುಗ್ಗಿದೆವು. ಗೌರಮ್ಮನ ಬಚ್ಚಲ ಬಾಗಿಲು ಒಳಕ್ಕೆ ತೆರೆಯುವಂಥದ್ದು. ದಬ್ಬಿದೆ, ಬೆರಳಷ್ಟು ಸರಿದು ಮೆತ್ತಗಿನ ಯಾವುದಕ್ಕೋ ತಾಗಿ ನಿಂತಿತು.

"ದಬ್ಬಬ್ಯಾಡ! ಅಕಿ ಅದಾಳ ಅಲ್ಲೇ!" ಅತ್ತೆ ಕಿರುಚಿದಳು. "ಬಡಗೀನ ಕರಕೊಂಡು ಬಾ, ಓಡು!"

ಬಡಗಿಯೊಂದಿಗೆ ಮರಳಿದಾಗ ಅತ್ತೆ ಒದ್ದೆ ನೆಲದ ಮೇಲೆ ಬೋರಲು ಮಲಗಿದ್ದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಕೈ ತೂರಿಸಿ ಒಳಗಿನ ಬೆರಳುಗಳನ್ನು ಹಿಡಿದಿದ್ದಳು.

"ಬೈಯಲೇ ಗೌರಿ. ಒಮ್ಮಿ ಬೈಯಿ, ಸಾಕು."

ಬಡಗಿ ಹಲಗೆಗೆ ಉಳಿ ಇಟ್ಟ. ಒಳಗಿನಿಂದ ಸಣ್ಣ ದನಿ ಬಂತು. "ಇವತ್ತ... ಖಾರ ಭಾಳ ಆತು."

ಅತ್ತೆ ಗಟ್ಟಿಯಾಗಿ ಅತ್ತಳು. ಗೌರಮ್ಮನ ಸೊಂಟ ಮುರಿದಿತ್ತು, ಜೀವವಿತ್ತು. ಆಸ್ಪತ್ರೆಗೆ ಒಯ್ಯುವಾಗಲೂ ಅತ್ತೆ ಆ ಬೆರಳುಗಳನ್ನು ಬಿಡಲಿಲ್ಲ. ನಾನು ಸಂಜೆಯ ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ರೂಮಿನಲ್ಲಿ, ಬಂದಾಗಿನಿಂದ ಮುಚ್ಚಿಯೇ ಇಟ್ಟಿದ್ದ ಪಕ್ಕದ ಮನೆ ಕಡೆಯ ಕಿಟಕಿ ತೆರೆದೆ. ಸ್ಟವ್ ಹಚ್ಚಿ, ಕಾದ ಎಣ್ಣೆಗೆ ಮೆಣಸಿನಕಾಯಿ ಕೊಂಚ ಹೆಚ್ಚೇ ಹಾಕಿದೆ. ಆಚೆ ಯಾರೋ ಸೀನಿದರು.

"ಯಾರವ್ವಾ ಅದು, ಎಂಥಾ ಘಾಟಿದು!"

"ನಾನ್ರಿ," ಎಂದು ನನ್ನ ಹೆಸರು ಹೇಳಿದೆ.