ಖಾಲಿ ತಕ್ಕಡಿ ನೋಡುವ ಭಾವ

ನಮ್ಮ ಭಾವ ಮೆಟ್ಟಿಲು ಹತ್ತಿ ಬರುವುದು ಕಂಡರೆ ಸಾಕು, ಬಸವೇಶ್ವರನಗರದ ಒಂದು ವೆಲ್‌ನೆಸ್ ಸೆಂಟರಿನಲ್ಲಿ ಬೆಳಗ್ಗೆ ಹತ್ತೂವರೆಗೇ ಮಧ್ಯಾಹ್ನದ ಊಟದ ಹೊತ್ತಾಗಿಬಿಡುತ್ತದೆ! ಗಾಜಿನ ಬಾಗಿಲಿನ ಹಿಂದೆ 'ಲಂಚ್ ಬ್ರೇಕ್' ಹಲಗೆ ತಿರುಗುತ್ತದೆ, ಲೈಟು ಆರುತ್ತದೆ, ಒಳಗಿದ್ದವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಹಾಗಾದರೆ ಇವರೇನು ಜಗಳಗಂಟರೇ? ಛೆ, ದನಿ ಎತ್ತಿದ್ದನ್ನೇ ನಾನು ಕೇಳಿಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮಾತಿಗೊಮ್ಮೆ 'ದಯವಿಟ್ಟು'. ಪರ್ಫೆಕ್ಟ್ ಜಂಟಲ್‌ಮನ್. ಅವರು ಕೇಳುವುದು ಒಂದೇ ಒಂದು ಪ್ರಶ್ನೆ. ಆ ಪ್ರಶ್ನೆಗೆ ಹೆದರಿಯೇ ಅಂಗಡಿಗಳು ಬಾಗಿಲು ಹಾಕಿಕೊಳ್ಳುವುದು. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೆಳಗಿನ ಮನೆಯಲ್ಲಿ ಅವರಿಬ್ಬರು, ಮೇಲಿನ ಪೋರ್ಷನ್ನಿನಲ್ಲಿ ನಾನೊಬ್ಬಳೇ. ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅಂಗಡಿಗೆ ಹೋದರೆ ಮೊದಲು ಅವರು ಅಕ್ಕಿಯನ್ನೂ ನೋಡುತ್ತಿರಲಿಲ್ಲ, ಬೇಳೆಯನ್ನೂ ನೋಡುತ್ತಿರಲಿಲ್ಲ. "ತಟ್ಟೆ ಖಾಲಿ ಮಾಡಿ, ದಯವಿಟ್ಟು" ಎನ್ನುತ್ತಿದ್ದರಂತೆ. ಏನೂ ಇಡದಿದ್ದಾಗಲೂ ಮುಳ್ಳು ಒಂದು ಕಡೆಗೆ ವಾಲಿದರೆ ಮುಗಿಯಿತು, ತಟ್ಟೆಯ ಅಡಿಯಲ್ಲಿ ಹುಣಸೆಹಣ್ಣು ಅಂಟಿಸಿದ್ದಾರೆ ಎಂದೇ ಲೆಕ್ಕ. ಇಲಾಖೆ ಬಿಟ್ಟು ಎಷ್ಟೋ ವರ್ಷವಾದರೂ ಈ ಅಭ್ಯಾಸ ಮಾತ್ರ ಅವರನ್ನು ಬಿಟ್ಟಿಲ್ಲ. ಈಗ ಬೀದಿಗೊಂದರಂತೆ ಡೀಟಾಕ್ಸ್, ಆಲ್ಕಲೈನ್, ಎನರ್ಜಿ ಎಂದು ಮಾರಲು ಕುಳಿತವರ ಮುಂದೆಯೂ ಅವರು ಕೇಳುವುದು ಅದನ್ನೇ: "ಇದು ಇಲ್ಲದೆ ಇದ್ದಿದ್ರೆ ಏನಾಗ್ತಿತ್ತು?"

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮಗೆ ಪೊಯೆಟ್ರಿ ಕಲಿಸಿದರು, ಎಂಬ್ರಾಯ್ಡರಿ ಕಲಿಸಿದರು, ಸೂಪ್ ಕುಡಿಯುವಾಗ ಸದ್ದು ಮಾಡಬಾರದೆಂದು ಕಲಿಸಿದರು. ಸೈನ್ಸ್ ಎಂದರೆ ಕಪ್ಪೆಯ ಚಿತ್ರ ಬರೆದು ನೀಟಾಗಿ ಲೇಬಲ್ ಮಾಡುವುದು ಎಂದೇ ನಾನು ಬಹಳ ಕಾಲ ನಂಬಿದ್ದೆ. ಅದು ಬೇರೆಯೇ ಏನೋ ಎಂದು ಗೊತ್ತಾದದ್ದು, ಕುರುಬರಹಳ್ಳಿಯ ಹತ್ತಿರ ಬೇಕರಿಯೊಂದರ ಮೇಲ್ಮಹಡಿಯಲ್ಲಿರುವ ಅದೇ ಸೆಂಟರಿನಲ್ಲಿ ಭಾವ ಒಂದು ಬಕೆಟ್ಟಿಗೆ ಕನಿಕರ ತೋರಿಸಿದ ದಿನ.

ಅಲ್ಲಿ ಕಾಲಿನ ಮೂಲಕ ಮೈಯ ವಿಷವನ್ನೆಲ್ಲ ಹೊರಗೆ ಎಳೆಯುವ ಯಂತ್ರವಿತ್ತು. ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲಿಟ್ಟು ಕೂರಬೇಕು, ನೀರಿನಲ್ಲಿ ಒಂದು ಲೋಹದ ಸುರುಳಿ, ಅದಕ್ಕೆ ಕರೆಂಟು. ಸ್ವಲ್ಪ ಹೊತ್ತಿಗೆ ನೀರು ಕೆಂಪಾಗಿ, ಕಂದಾಗಿ, ಕೊನೆಗೆ ಹಳೇ ಹುಳಿಯ ಬಣ್ಣಕ್ಕೆ ತಿರುಗಿತು. ನನಗೆ ನಾಚಿಕೆಯಾಯಿತು. ಇಷ್ಟೊಂದು ಕೊಳೆ ಹೊತ್ತುಕೊಂಡು ನಾನು ಮದುವೆ ಮನೆಗಳಿಗೆಲ್ಲ ರೇಷ್ಮೆ ಸೀರೆ ಉಟ್ಟು ಹೋಗಿದ್ದೆನೇ? ಸೋ ಎಂಬರಾಸಿಂಗ್!

"ನೋಡಿ ಆಂಟಿ, ಈ ಬ್ರೌನ್ ಇದ್ಯಲ್ಲ, ಅದು ಲಿವರ್‌ದು" ಎಂದ ಅಲ್ಲಿನ ಯುವಕ.

ನನ್ನ ಜೊತೆ ಬಂದಿದ್ದ ಭಾವ ಕುರ್ಚಿಯಿಂದ ಎದ್ದರು. "ತಮ್ಮಾ, ಇನ್ನೊಂದು ಬಕೆಟ್ ಇಡ್ತೀಯಾ, ದಯವಿಟ್ಟು? ಅದೇ ನೀರು, ಅದೇ ಉಪ್ಪು. ದುಡ್ಡು ನಾನು ಕೊಡ್ತೀನಿ."

"ನೀವು ಕೂತ್ಕೋತೀರಾ ಸಾರ್?"

"ಇಲ್ಲಪ್ಪ, ಯಾರೂ ಕೂರಲ್ಲ. ಸುಮ್ನೆ ಆನ್ ಮಾಡು."

"ಕಾಲಿಡ್ದೆ ಹೇಗೆ ಸಾರ್?"

"ಅದನ್ನೇ ನೋಡೋಣ ಅಂತ."

ಪಾಪ, ಹುಡುಗ ಆನ್ ಮಾಡಿದ. ನಾವು ಮೂವರೂ ಬಗ್ಗಿ ನಿಂತು ನೋಡಿದೆವು. ನೀರು ಕೆಂಪಾಯಿತು, ಕಂದಾಯಿತು, ಹಳೇ ಹುಳಿಯಾಯಿತು. ಭಾವ ಬಕೆಟ್ಟಿನ ಅಂಚನ್ನು ಮೆಲ್ಲಗೆ ತಟ್ಟಿದರು. "ಪಾಪ, ಇದಕ್ಕೂ ಲಿವರ್ ಸರಿಯಿಲ್ಲ."

ಸುರುಳಿಯ ಕಬ್ಬಿಣ ಉಪ್ಪುನೀರಿನಲ್ಲಿ ತುಕ್ಕು ಬಿಡುತ್ತದೆ, ಅಷ್ಟೇ ಎಂದು ಅವರು ಹುಡುಗನಿಗೆ ವಿವರಿಸಿದ ರೀತಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಕೆಳಗೆ ಬಂದು ಅವನಿಗೂ ಸೇರಿಸಿ ಮೂರು ಬನ್ ಕೊಂಡು, ಒಂದನ್ನು ಮೇಲಕ್ಕೆ ಕಳಿಸಿದರು. ಹಾಗಿದ್ದರೂ ಆಮೇಲೆ ಲಂಚ್ ಬ್ರೇಕ್ ಶುರುವಾಯಿತು ನೋಡಿ.

ನನ್ನ ಮೊಣಕಾಲಿನ ಕಥೆ ಇದಕ್ಕಿಂತ ಅವಮಾನಕರ. ಯಾರೋ ಉಡುಗೊರೆ ಕೊಟ್ಟ ಮ್ಯಾಗ್ನೆಟ್ ಬೆಲ್ಟುಗಳ ಜೋಡಿ ನನ್ನ ಹತ್ತಿರವಿತ್ತು. ಕಟ್ಟಿಕೊಂಡರೆ ಒಳಗೆ ಏನೋ ಝುಮ್ ಎಂದು ಹರಿದಂತಾಗುತ್ತಿತ್ತು. "ಭಾವ, ದಿಸ್ ಈಸ್ ಡಿಫರೆಂಟ್, ನಾನೇ ಅನುಭವಿಸ್ತಾ ಇದೀನಿ" ಎಂದೆ. ಅವರು ನನ್ನ ಅಪ್ಪಣೆ ಕೇಳಿ, ಒಂದು ಬೆಲ್ಟಿನ ಹೊಲಿಗೆ ಬಿಚ್ಚಿಸಿ, ಮ್ಯಾಗ್ನೆಟ್ ತೆಗೆಸಿ, ಅಕ್ಕನ ಡಬ್ಬಿಯಲ್ಲಿದ್ದ, ನಮ್ಮಪ್ಪನ ಹಳೇ ಕೋಟಿನ ಗುಂಡಿಗಳನ್ನು ತುಂಬಿಸಿ ಮತ್ತೆ ಹೊಲಿಸಿದರು. ಯಾವುದು ಯಾವುದೆಂದು ಹೊಲಿದ ಅಕ್ಕನಿಗೆ ಮಾತ್ರ ಗೊತ್ತು. ನಾನು ದಿನ ಬಿಟ್ಟು ದಿನ ಒಂದೊಂದನ್ನು ಕಟ್ಟಿಕೊಂಡು ನಡೆದೆ. ಕೊನೆಗೆ, ಒಂದರಲ್ಲಿ ಪವರ್ ಸ್ಪಷ್ಟವಾಗಿ ಜಾಸ್ತಿ ಎಂದು ಘೋಷಿಸಿದೆ. ಯಾವುದು ಹೇಳಿ? ಗುಂಡಿಯದು!

ಅಕ್ಕ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. "ಹಾಗಾದ್ರೆ ನಮ್ಮಪ್ಪನ ಕೋಟು ಹಾಕ್ಕೊಂಡು ಮಲ್ಕೋ ಕಣೇ, ಪೂರ್ತಿ ಗುಣವಾಗುತ್ತೆ."

ಭಾವ ನಗಲಿಲ್ಲ. "ಬಿಗಿಯಾಗಿ ಕಟ್ಟಿದ್ರೆ ಮಂಡಿ ಬೆಚ್ಚಗಿರುತ್ತಮ್ಮ, ಆ ಹಿತ ಸುಳ್ಳಲ್ಲ. ಮ್ಯಾಗ್ನೆಟ್ಟಿಗೆ ಕ್ರೆಡಿಟ್ ಕೊಡ್ಬೇಡ ಅಷ್ಟೇ" ಎಂದರು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮದ ಬಗ್ಗೆ ಎಲ್ಲೆಲ್ಲೋ ವಿಚಾರಿಸಿ ಬಂದು, "ಅದನ್ನ ಮಾಡಿದವರನ್ನ, ಮಾಡದವರನ್ನ ಹೋಲಿಸಿ ನೋಡಿದಾರೆ. ಅದು ಸರಿಯಾಗಿದೆ, ಮಾಡು" ಎಂದು ಸರ್ಟಿಫಿಕೇಟ್ ಕೊಟ್ಟವರೂ ಅವರೇ. ಎಲ್ಲವನ್ನೂ ಸುಳ್ಳೆನ್ನುವುದು ಸುಲಭ, ಅದಕ್ಕೆ ಬುದ್ಧಿ ಬೇಕಾಗಿಲ್ಲ. ಭಾವ ಆ ಜಾತಿಯವರಲ್ಲ.

ಆದರೆ ಹೋದ ವರ್ಷ ತಕ್ಕಡಿ ಅವರ ವಿರುದ್ಧವೇ ವಾಲಿತು. ವಾಲಿಸಿದವಳು ಅಕ್ಕ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಪಾರ್ಕಿನ ಗೆಳತಿಯೊಬ್ಬರು ಹಸಿರು ಕ್ಯಾಪ್ಸೂಲುಗಳ ಡಬ್ಬಿ ಕೊಟ್ಟರು. ಏನೇನೋ ಬೇರುಗಳ ಪುಡಿ, ಸಕ್ಕರೆಯನ್ನು ಬುಡಸಮೇತ ಕೀಳುತ್ತದಂತೆ. ಜೊತೆಗೆ ದಿನಾ ಸಂಜೆ ನಡೆಯಬೇಕು, ರಾತ್ರಿ ಅನ್ನ ಬಿಡಬೇಕು. ಅಕ್ಕ ಮೂರನ್ನೂ ಶ್ರದ್ಧೆಯಿಂದ ಮಾಡಿದಳು. ಸಕ್ಕರೆ ಇಳಿಯಿತು! ಮನೆಯ ಮೀಟರಿನಲ್ಲೂ ಇಳಿಯಿತು, ಲ್ಯಾಬಿನಲ್ಲೂ ಇಳಿಯಿತು.

"ಈಗೇನಂತೀರಿ?" ಎಂದು ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮುಂದಿನ ತಿಂಗಳಿಂದ ಡಾಕ್ಟರ್ ಮಾತ್ರೆ ಬಂದ್. ಇದೊಂದೇ ಸಾಕು."

ನಮ್ಮ ಅಮ್ಮ ಹೀಗೇ ಯಾರದೋ ಮಾತು ಕೇಳಿ ಮಾತ್ರೆ ಬಿಟ್ಟವಳು. ಕೊನೆಯ ವರ್ಷಗಳಲ್ಲಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅಕ್ಕ ಬಜಾರಿಗೆ ಹೋದಾಗ ನಾನು ಭಾವನ ಹತ್ತಿರ ಪಿಸುಗುಟ್ಟಿದೆ: "ಅವಳಿಗೆ ಗೊತ್ತಾಗದ ಹಾಗೆ ಕ್ಯಾಪ್ಸೂಲಿನ ಪುಡಿ ತೆಗೆದು ಗೋಧಿ ತೌಡು ತುಂಬಿಬಿಡೋಣ. ಆಮೇಲೂ ಸಕ್ಕರೆ ಏರದೇ ಇದ್ರೆ ಅವಳ ಮುಂದೆ ಹಿಡಿಯೋಣ."

ಭಾವ ನನ್ನ ಕಡೆ ತಿರುಗಿದರು. "ಗಿರಾಕಿಗೆ ಗೊತ್ತಿಲ್ದೆ ತೂಕ ಬದಲಾಯ್ಸಿದವರ ಮೇಲೇ ಅಲ್ವೇನಮ್ಮಾ ನಾನು ಜೀವಮಾನವೆಲ್ಲ ಕೇಸ್ ಹಾಕಿದ್ದು?"

ಅಂದು ಸಂಜೆ ಅವರು ಸೊಪ್ಪು ಬಿಡಿಸುತ್ತಿದ್ದ ಅಕ್ಕನ ಎದುರಿಗೆ ಹೋಗಿ ಕುಳಿತು, ತಾವೂ ಒಂದು ಕಟ್ಟು ಬಿಚ್ಚಿಕೊಂಡರು.

"ಒಂದು ಪರೀಕ್ಷೆಗೆ ಒಪ್ಕೋತೀಯಾ? ಅರ್ಧದಷ್ಟು ಕ್ಯಾಪ್ಸೂಲಿಗೆ ತೌಡು ತುಂಬಿ, ಯಾವುದು ಯಾವುದು ಅಂತ ಹೇಳದೆ ಕೊಡೋದು."

"ನಾನೇನು ನಿಮ್ಮ ಮಾರ್ಕೆಟ್ಟಿನ ತಕ್ಕಡಿನಾ? ಒಂದ್ಸಲ ನನ್ನ ಮಾತು ಗೆಲ್ಲಲಿ ಬಿಡಿ."

"ಗೆಲ್ಲೋಕಲ್ಲ ಕಣೇ. ನಿಮ್ಮಮ್ಮನ ಕೈ ಹಿಡ್ಕೊಂಡು ನೀನು ಬಚ್ಚಲಿಗೆ ಕರ್ಕೊಂಡು ಹೋಗ್ತಿದ್ದಿದ್ದು ನಾನು ನೋಡಿದೀನಿ." ಅವರು ಒಂದು ದಂಟನ್ನು ಸುಮ್ಮನೆ ಮುರಿಯುತ್ತ ಕುಳಿತರು. "ನಿನ್ನ ಕ್ಯಾಪ್ಸೂಲ್ ನಿಜವಾಗ್ಲೂ ಕೆಲಸ ಮಾಡಿದ್ರೆ ನಾನೇ ತಲೆ ಮೇಲೆ ಹೊತ್ಕೊಂಡು ತರ್ತೀನಿ. ಗೊತ್ತಾಗೋವರೆಗೂ ಮಾತ್ರೆ ಬಿಡಬೇಡ. ಇಷ್ಟೇ ನಾನು ಕೇಳೋದು."

ಅಕ್ಕ ಬಿಡಿಸಿದ ಸೊಪ್ಪನ್ನು ಒಟ್ಟುಮಾಡಿದಳು. ಕೊನೆಗೆ, "ತುಂಬೋದು ಇವಳು. ನೀವು ಮುಟ್ಟೋ ಹಾಗಿಲ್ಲ" ಎಂದು ನನ್ನ ಕಡೆ ಕೈ ತೋರಿಸಿದಳು.

ಕ್ಲಿನಿಕ್ಕಿನ ಡಾಕ್ಟರಿಗೆ ಎಲ್ಲ ಹೇಳಿ, ಮಾತ್ರೆ ಮೊದಲಿನಂತೆಯೇ ಎಂದು ಗೊತ್ತುಮಾಡಿಕೊಂಡು ಬಂದೆವು. ಮೇಲಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನು ಅರ್ಧದಷ್ಟು ಕ್ಯಾಪ್ಸೂಲುಗಳನ್ನು ಬಿಚ್ಚಿ, ಪುಡಿ ಚೆಲ್ಲಿ, ತೌಡು ತುಂಬಿದೆ. ಎಂಬ್ರಾಯ್ಡರಿ ಕಲಿತ ಬೆರಳುಗಳು ಕೊನೆಗೂ ಸೈನ್ಸಿಗೆ ಒದಗಿದವು! ಕೆಲವು ವಾರ ಒಂದು ಡಬ್ಬಿ, ಅಷ್ಟೇ ವಾರ ಇನ್ನೊಂದು. ಯಾವುದರಲ್ಲಿ ಏನಿದೆಯೆಂದು ಅವರಿಬ್ಬರಿಗೂ ಗೊತ್ತಿಲ್ಲ. ನಡಿಗೆ, ಊಟ, ಮಾತ್ರೆ ಏನೂ ಬದಲಾಗುವಂತಿಲ್ಲ. ಭಾವನ ಮುಖ ನೋಡಿದರೆ ಎಲ್ಲಿ ಬಾಯಿ ಬಿಡುತ್ತೇನೋ ಎಂದು ನಾನು ಅಷ್ಟು ದಿನವೂ ಕೆಳಗೆ ಕಾಫಿಗೆ ಇಳಿಯಲಿಲ್ಲ. ಐ ಮಸ್ಟ್ ಸೇ, ಅದೇ ಕಷ್ಟದ ಭಾಗ.

ಕೊನೆಯ ದಿನ ಗುಟ್ಟು ಬಿಚ್ಚಿದೆ. ಪುಡಿ ತಿಂದಾಗಲೂ ಸಕ್ಕರೆ ಅಷ್ಟೇ, ತೌಡು ತಿಂದಾಗಲೂ ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಪಾರ್ಕಿಗೆ ಹೋಗಿ ತಮಟೆ ಬಾರಿಸುತ್ತಿದ್ದರು. ಭಾವ ಹೇಳಿದ್ದು ಇಷ್ಟು: "ಇದು ಒಬ್ಬರ ಮೇಲೆ ನೋಡಿದ್ದು. ಪುಡಿ ಯಾರಿಗೂ ಕೆಲಸ ಮಾಡಲ್ಲ ಅಂತ ಇದರಿಂದ ಹೇಳೋಕಾಗಲ್ಲ. ನೀನು ಮಾತ್ರೆ ಬಿಡೋಕೆ ಕಾರಣ ಇಲ್ಲ ಅಂತ ಮಾತ್ರ ಹೇಳ್ಬಹುದು." ತಾವು ಗೆದ್ದ ಪರೀಕ್ಷೆಯ ತೂಕವನ್ನೂ ಒಂದು ಗುಲಗಂಜಿ ಹೆಚ್ಚಿಸಿ ಹೇಳದ ಮನುಷ್ಯ! ಹೆಮ್ಮೆ ಪಡದೆ ಇನ್ನೇನು ಮಾಡಲಿ?

ಅಕ್ಕ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಮಾತ್ರೆಯ ಪಟ್ಟಿ ತೆಗೆದು ಅಂದಿನದನ್ನು ನುಂಗಿ ನೀರು ಕುಡಿದಳು.

"ಹಾಗಾದ್ರೆ ಇಳಿಸಿದ್ದು ಯಾವ್ದು?" ಎಂದಳು.

"ವಾಕಿಂಗು. ರಾತ್ರಿ ಊಟ."

"ವಾಕಿಂಗ್ ನಾನು ಮುಂಚೆನೂ ಶುರು ಮಾಡಿದ್ದೆ. ಎಷ್ಟು ಸಲ? ನಾಲ್ಕು ದಿನಕ್ಕೆ ನಿಂತೋಗ್ತಿತ್ತು. ಈ ಸಲ ಯಾಕೆ ನಿಲ್ಲಲಿಲ್ಲ?"

ಭಾವ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದರು.

"ಈ ಸಲ ನೀವು ಜೊತೆಗೆ ಬಂದ್ರಿ. ಆ ಪಾರ್ಕಿನವರು ನನ್ನ ತಲೆಗೆ ಇನ್ನೇನು ತುಂಬ್ತಾರೋ ಅಂತ ಕಾವಲಿಗೆ ಬಂದ್ರಿ, ಗೊತ್ತು ನನಗೆ. ಆದ್ರೂ ಬಂದ್ರಿ." ಅಕ್ಕನ ಕಣ್ಣಿನಲ್ಲಿ ತುಂಟತನ ಮಿಂಚಿತು. "ಅದನ್ನೂ ನೋಡ್ಬೇಕಲ್ಲ ರೀ. ಒಂದಿಷ್ಟು ವಾರ ನೀವು ಮನೇಲಿರಿ, ನಾನೊಬ್ಬಳೇ ಹೋಗ್ತೀನಿ. ನೀವಿಲ್ದೆ ಏನಾಗುತ್ತೆ ನೋಡೋಣ."

ನ್ಯಾಯವಾಗಿ ಕೇಳಿದ ಮಾತು. ಅವರೇ ಕಲಿಸಿದ ಪದ್ಧತಿ. ಭಾವ ಒಪ್ಪಿಯೇ ಒಪ್ಪುತ್ತಾರೆ ಎಂದು ನಾನು ಕಾದೆ. ಅವರು ಅಕ್ಕನ ಮುಖವನ್ನು ಒಮ್ಮೆ ನೋಡಿದರು.

"ಅದೊಂದು ಬೇಡ" ಎಂದರು.

"ಯಾಕೆ, ಹೆದರಿಕೇನಾ?"

"ಹೂಂ" ಎಂದು ಚಪ್ಪಲಿ ಹುಡುಕಲು ಎದ್ದುಹೋದರು.

ಇಬ್ಬರೂ ಗೇಟು ದಾಟಿದರು. ಅಗೆದು ಬಿಟ್ಟಿದ್ದ ರಸ್ತೆಯಂಚಿನಲ್ಲಿ ಭಾವ ಅಕ್ಕನ ಮೊಣಕೈ ಹಿಡಿದುಕೊಂಡದ್ದು ಕಾಣಿಸಿತು. ನನ್ನ ಯಜಮಾನರು ತೀರಿಕೊಂಡ ಮೇಲೆ ಅದೇ ರಸ್ತೆಯಲ್ಲಿ, ಅದೇ ಪಾರ್ಕಿನವರೆಗೆ, ಅದೇ ಹೊತ್ತಿಗೆ ನಾನು ಒಬ್ಬಳೇ ನಡೆದು ನೋಡಿದ್ದೇನೆ. ಕೇಳಿದ್ದರೆ ಫಲಿತಾಂಶ ಹೇಳಬಹುದಿತ್ತು. ಭಾವ ಕೇಳಲಿಲ್ಲ. ನಾನೂ ಹೇಳಲಿಲ್ಲ.