ಬೈಂಡರಿಗೆ ಸಿಕ್ಕಿದ ಭೂಮಿಯ ಅಂಚು

ಮೂವತ್ತು ವರ್ಷದಿಂದ ಊರಿನವರ ಪುಸ್ತಕಗಳಿಗೆ ರಟ್ಟು ಹಾಕುತ್ತಾ ಬಂದ ಬೈಂಡರಿಗೆ ಒಂದೇ ಕೊರಗು: ಲೋಕದ ಜ್ಞಾನವನ್ನೆಲ್ಲ ಹೊಲಿದು ಕೊಟ್ಟರೂ ತಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. (ಮನೆಯಲ್ಲಂತೂ ಆ ಪ್ರಶ್ನೆಯೇ ಏಳುವುದಿಲ್ಲ.) ಈಗ ಕಾಲ ಕೂಡಿಬಂದಿತ್ತು. ಹೊಸ ರಟ್ಟಿಗೆಂದು ಲೈಬ್ರರಿಯಿಂದ ಬಂದ ನೂರು ವರ್ಷದ ಪುಸ್ತಕವೊಂದರಲ್ಲಿ ಪ್ರಪಂಚದ ನಕ್ಷೆ ನೀಲಿ ಸಮುದ್ರದ ನಡುವೆ ಗೆರೆ ಎಳೆದ ಹಾಗೆ ಮುಗಿದುಹೋಗಿತ್ತು. ಆಚೆಗೆ ನೆಲವೂ ಇಲ್ಲ, ನೀರೂ ಇಲ್ಲ. ಭೂಮಿ ಚಪ್ಪಟೆ ಎನ್ನಲು ಇದಕ್ಕಿಂತ ಐತಿಹಾಸಿಕ ದಾಖಲೆ ಬೇಕೆ? ಸಂಜೆ ಐದಕ್ಕೆ ಲೈಬ್ರರಿಯಲ್ಲಿ ಅವರದೇ ಭಾಷಣ. ಜೀವಮಾನದಲ್ಲಿ ಮೊದಲನೆಯದು.

ಅಡ್ಡಿ ಒಂದೇ. ಹೆಂಡತಿ ಕೋರ್ಟಿನಲ್ಲಿ ಟೈಪಿಸ್ಟ್.

"ನಕ್ಷೆ ಬರೆದೋನು ಅಂಚಿನ ತನಕ ಹೋಗಿದ್ನಾ?" ಒಗೆದ ಬಟ್ಟೆ ಮಡಿಸುತ್ತಾ ಆಕೆ ಕೇಳಿದರು.

"ಹೋಗದೆ ಬರೀತಾನೇನೇ? ಆಗಿನ ಕಾಲದವರಿಗೆ ಸುಳ್ಳು ಹೇಳೋ ದರ್ದು ಏನಿತ್ತು?"

"ದರ್ದಿಲ್ಲದೆ ಸುಳ್ಳು ಹೇಳೋರನ್ನ ದಿನಾ ಟೈಪ್ ಮಾಡ್ತೀನಿ. ಕೊಡಿ ಇಲ್ಲಿ ದಾಖಲೆ."

ಆಕೆ ಕನ್ನಡಕ ಏರಿಸಿದರು. "ರೀ, ಸಮುದ್ರದ ಹೆಸರು ಅರ್ಧಕ್ಕೇ ನಿಂತಿದೆಯಲ್ಲ?"

"ಬರೀತಾ ಬರೀತಾ ಭೂಮಿ ಮುಗಿದಿರುತ್ತೆ ಕಣೇ!"

ಆಕೆ ಹಿಂದಿನ ರಟ್ಟು ತಿರುವಿದರು. ಒಳಗೆ ಚಿಕ್ಕದೊಂದು ಚೀಟಿ: ಹಳೆಯ ಬೈಂಡಿಂಗಿನ ಗುರುತು. ಅಂಗಡಿ ಇವರದೇ, ಇಸವಿ ಇವರ ಮದುವೆಯದೇ.

ಆಕೆ ನೇರ ಅಡುಗೆಮನೆಗೆ ಹೋಗಿ, ಕಪಾಟಿನ ಮೇಲಿನ ಹಲಗೆಯ ಡಬ್ಬಗಳನ್ನು ಇಳಿಸಿ, ಅಡಿಯಲ್ಲಿ ಹಾಸಿದ್ದ ನೀಲಿ ಕಾಗದ ತಂದು ನಕ್ಷೆಯ ಪಕ್ಕಕ್ಕಿಟ್ಟರು. ಸಮುದ್ರದ ಹೆಸರು ಪೂರ್ತಿಯಾಯಿತು. ಉಳಿದರ್ಧ ಪ್ರಪಂಚ ಅಲ್ಲಿತ್ತು. ನಡುನಡುವೆ ಎಣ್ಣೆ ಡಬ್ಬದ ಗುಂಡನೆಯ ಕಲೆಗಳು ಹೊಸ ದ್ವೀಪಗಳಾಗಿದ್ದವು.

"ಹೊಸ ಸಂಸಾರಕ್ಕೆ ಅಂತ ನೀವೇ ಪ್ರೀತಿಯಿಂದ ತಂದ್ಕೊಟ್ಟಿದ್ದು."

ಬೈಂಡರಿಗೆ ಎಲ್ಲ ನೆನಪಾಯಿತು. ಒಳಕ್ಕೆ ಮಡಿಸಿಟ್ಟಿದ್ದ ದೊಡ್ಡ ಹಾಳೆಯನ್ನು ಗಮನಿಸದೆ, ಪುಸ್ತಕದ ಅಂಚು ಸಮ ಮಾಡುವಾಗ ಮಡಿಕೆಯನ್ನೇ ಕೊಯ್ದು ಹಾಕಿದ್ದರು. ತುಂಡು ಚೆನ್ನಾಗಿದೆಯೆಂದು ಮನೆಗೂ ತಂದಿದ್ದರು. ಚಪ್ಪಟೆಯೋ ಗುಂಡೋ, ಈ ಭೂಮಿ ಈಗಲೇ ಬಾಯಿಬಿಡಬಾರದೇ ಎನ್ನಿಸಿತು.

"ತಲೆನೋವು ಅಂತ ಹೇಳಿಬಿಡೇ," ಎಂದು ಗೋಗರೆದರು.

ಅಷ್ಟರಲ್ಲಿ ಬಾಗಿಲಲ್ಲಿ ಲೈಬ್ರೇರಿಯನ್. "ಜನ ಆಗಲೇ ಸೇರಿದ್ದಾರೆ. ಸಾಕ್ಷ್ಯ ಎಲ್ಲಾ ಸಿದ್ಧವಾ?"

"ಸಿದ್ಧ ಸರ್," ಎಂದರು ಹೆಂಡತಿ, ಪುಸ್ತಕವನ್ನೂ ನೀಲಿ ತುಂಡನ್ನೂ ಲೈಬ್ರೇರಿಯನ್ ಕೈಗಿಟ್ಟು. "ಆರೋಪಿನೂ ಮನೇಲೇ ಸಿಕ್ಕಿದ್ದಾರೆ. ಕರ್ಕೊಂಡು ಹೋಗಿ."